ಮುಖ ನೋಡುವ ಕೆಲಸ

ಗಂಡನ ಮುಖ ನೋಡುವುದು ಓಬಳಮ್ಮನಿಗೆ ಆ ವರ್ಷ ಒಂದು ಕೆಲಸವೇ ಆಗಿಬಿಟ್ಟಿತ್ತು. ನಲ್ಲಿಯಲ್ಲಿ ನೀರು ಹಿಡಿಯುವುದು, ಮುದ್ದೆ ತೊಳಸುವುದು, ಸೌದೆ ಸೀಳುವುದು ಇದ್ದ ಹಾಗೆ ಇದೂ ಒಂದು. ಕದಿರಪ್ಪ ತಗಡಿನ ಸೂರಿಗೆ ತಲೆ ತಗುಲದಂತೆ ಬಗ್ಗಿ ಒಳಗೆ ಬಂದನೆಂದರೆ ಅವಳ ಕಣ್ಣು ಮೊದಲು ಅವನ ಕಿವಿಯ ಮೇಲೆ ಬೀಳುತ್ತಿತ್ತು. ಆಮೇಲೆ ಕುತ್ತಿಗೆ, ಆಮೇಲೆ ಕೆನ್ನೆ. ಅವನಿಗೂ ಅದು ಗೊತ್ತಿತ್ತು. ಕೆಲವು ದಿನ ಬೇಕೆಂದೇ ಬಾಗಿಲ ಬೆಳಕಿನಲ್ಲಿ ನಿಂತು, ನೋಡಿಕೋ ಎಂಬಂತೆ ಮುಖವನ್ನು ಅತ್ತ ಇತ್ತ ತಿರುಗಿಸಿ ಒಳಗೆ ಬರುತ್ತಿದ್ದ.

ಚಿನ್ನದ ಗಣಿ ಸರ್ಕಾರದ ಕೈಗೆ ಬಂದು ಒಂದೆರಡು ವರ್ಷವಾಗಿತ್ತು. ಕದಿರಪ್ಪ ಚಾಂಪಿಯನ್ ರೀಫ್ಸಿನಲ್ಲಿ ನೆಲದಡಿಯ ಕೆಲಸಗಾರ. ಊರು ಬೂದಿಕೋಟೆಯ ಹತ್ತಿರದ ಒಂದು ಹಳ್ಳಿ. ಚಿನ್ನ ತೆಗೆದು ಬಿಸಾಡಿದ ಮಣ್ಣು ಗುಡ್ಡೆಯಾದ ಸೈನೈಡ್ ದಿಬ್ಬದ ಹಿಂದೆ ಕದ್ದು ಕಾಯಿಸುತ್ತಿದ್ದ ಸಾರಾಯಿಗೆ ಅವನು ಬಿದ್ದು ಬಹಳ ಕಾಲವಾಗಿತ್ತು. ಕುಡಿದು ಬಂದವನು ಹೊಡೆಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಬಾಗಿಲ ಹೊರಗೇ ಬಿದ್ದುಕೊಳ್ಳುತ್ತಿದ್ದ. ಮಕ್ಕಳಿಬ್ಬರು ಅಪ್ಪನನ್ನು ದಾಟಿಕೊಂಡು ಶಾಲೆಗೆ ಹೋಗುವುದನ್ನು ನೋಡಲಾರದೆ ಓಬಳಮ್ಮ ಅವರನ್ನು ಬಂಗಾರಪೇಟೆಯಲ್ಲಿದ್ದ ತನ್ನ ಅಣ್ಣ ಅಶ್ವತ್ಥಪ್ಪನ ಮನೆಗೆ ಕಳಿಸಿದ್ದಳು. ಆಮೇಲೊಂದು ದಿನ ಪಾಳಿಗೆ ಇಳಿಯಲು ಸಾಲಿನಲ್ಲಿ ನಿಂತಿದ್ದ ಕದಿರಪ್ಪ ತೂಕಡಿಸಿ ಶಾಫ್ಟಿನ ಬಾಯಿಗೇ ವಾಲಿದ. ಹಿಂದಿದ್ದವನು ಅಂಗಿ ಹಿಡಿದು ಎಳೆಯದಿದ್ದರೆ ಅವನ ಮೂಳೆಯೂ ಸಿಕ್ಕುತ್ತಿರಲಿಲ್ಲ. ಮೇಲಿನವರು ಅವನನ್ನು ನೇರವಾಗಿ ಆಸ್ಪತ್ರೆಗೆ ಸಾಗಿಸಿದರು.

ಅಲ್ಲಿನ ಡಾಕ್ಟರು ಹೊಸಬರು. ಕುಡಿತ ಬಿಡಿಸುವ ಒಂದು ಮಾತ್ರೆ ಬಂದಿದೆ ಎಂದರು. ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಮಾತ್ರೆ ಕೊಟ್ಟರು. ಆಮೇಲೆ ಓಬಳಮ್ಮನನ್ನು ಕರೆಸಿ ಎದುರಿಗೆ ಕೂರಿಸಿ, ಅಳತೆ ಗಾಜಿನಲ್ಲಿ ಒಂದಿಷ್ಟು ಬ್ರಾಂದಿಯನ್ನು ಅವನಿಗೆ ತಾವೇ ಕುಡಿಸಿದರು. ಆಸ್ಪತ್ರೆಯಲ್ಲೇ ಹೀಗೂ ಉಂಟೇ ಎಂದು ಅವಳು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಅವನ ಕಿವಿ ಕೆಂಪಾಯಿತು. ಕೆಂಪು ಕುತ್ತಿಗೆಗೆ ಇಳಿಯಿತು, ಮುಖಕ್ಕೆ ಹತ್ತಿತು, ಕಣ್ಣಿನ ಬಿಳಿಯೂ ರಕ್ತವಾಯಿತು. ಕುತ್ತಿಗೆಯ ನರ ಕಪ್ಪೆಯ ಗಂಟಲಿನಂತೆ ಹಾರತೊಡಗಿತು. ಉಸಿರು ಸಿಕ್ಕದೆ ಮಂಚದ ಕಂಬಿಯನ್ನು ಹಿಡಿದುಕೊಂಡ. ಆಮೇಲೆ ವಾಂತಿ. ನರ್ಸಮ್ಮ ಪಕ್ಕದಲ್ಲೇ ಸೂಜಿ ಹಿಡಿದು ನಿಂತಿದ್ದಳು.

ಡಾಕ್ಟರು ಸಾವಧಾನವಾಗಿ ಹೇಳಿದರು. ಹೊಟ್ಟೆಗೆ ಹೋದ ಸಾರಾಯಿಯನ್ನು ಈಲಿ, ಅಂದರೆ ಲಿವರು, ಎರಡು ಸಲಕ್ಕೆ ಕರಗಿಸುತ್ತದೆ. ಮೊದಲನೆಯ ಸಲಕ್ಕೆ ಅದು ಇನ್ನೂ ಕೆಟ್ಟ ವಿಷವಾಗುತ್ತದೆ, ಎರಡನೆಯ ಸಲಕ್ಕೆ ಆ ವಿಷ ಸಾಯುತ್ತದೆ. ಈ ಮಾತ್ರೆ ಎರಡನೆಯ ಕೆಲಸವನ್ನು ತಡೆಯುತ್ತದೆ, ವಿಷ ರಕ್ತದಲ್ಲೇ ನಿಲ್ಲುತ್ತದೆ. ಆದರೆ ಆಸೆಯನ್ನು ಇದು ಅಳಿಸುವುದಿಲ್ಲ. ಆಸೆ ಇರುವುದು ಮೆದುಳಿನಲ್ಲಿ. ಪಾಳಿ ಬಿಡುವ ಸೈರನ್ ಕೂಗಿದರೆ ಸಾಕು, ಅವನ ಬಾಯಲ್ಲಿ ನೀರೂರುತ್ತದೆ, ಕಾಲು ದಿಬ್ಬದ ಕಡೆ ತಿರುಗುತ್ತದೆ. ಅಷ್ಟು ವರ್ಷ ಕಲಿತದ್ದನ್ನು ಮೆದುಳು ಬೇಗ ಮರೆಯುವುದಿಲ್ಲ, ಅದಕ್ಕೆ ಅವನನ್ನು ಬೈದು ಫಲವಿಲ್ಲ. ಮಾತ್ರೆಯನ್ನು ದಿನಾ ಬೆಳಿಗ್ಗೆ ಅವಳೇ ಕೈಯಾರೆ ಕೊಡಬೇಕು, ನುಂಗಿದ್ದನ್ನು ನೋಡಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಹಲವು ದಿನ ಅದು ಮೈಯಲ್ಲಿರುತ್ತದೆ. ಆಗ ಮೂಗಿನವರೆಗೆ ಕುಡಿದರೆ ಎದೆ ನಿಂತುಹೋಗಬಹುದು.

ಇಷ್ಟರಲ್ಲಿ ಓಬಳಮ್ಮ ಗಟ್ಟಿಯಾಗಿ ಹಿಡಿದುಕೊಂಡದ್ದು ಒಂದೇ. ಗಂಡ ಸುಳ್ಳು ಹೇಳಬಹುದು, ಅವನ ಕಿವಿ ಸುಳ್ಳು ಹೇಳುವುದಿಲ್ಲ.

ದೀಪಾವಳಿಯಿಂದ ಶಿವರಾತ್ರಿಯವರೆಗೆ ಆ ಕಿವಿ ಕಪ್ಪಾಗಿಯೇ ಇತ್ತು. ಸಂಕ್ರಾಂತಿಗೆ ಮಕ್ಕಳು ಬಂದು ಹೋದವು. ಅಶ್ವತ್ಥಪ್ಪನೂ ಬಂದಿದ್ದ. ಹೊರಡುವಾಗ ತಂಗಿಯನ್ನು ಪಕ್ಕಕ್ಕೆ ಕರೆದು, ಹೀಗೇ ಇದ್ದರೆ ಬೇಸಿಗೆಗೆ ಮಕ್ಕಳನ್ನು ಕರೆದುಕೋ, ಇನ್ನೊಂದು ಸಲ ಕುಡಿದನೋ ನೀನೇ ಬಂದುಬಿಡು, ಮತ್ತೆ ಈ ಬಾಗಿಲಿಗೆ ಕಳಿಸುವ ಮಾತಿಲ್ಲ ಎಂದ. ಅಣ್ಣ ಮಾತು ಕೊಟ್ಟರೆ ಕೊಟ್ಟಂತೆ. ಅವಳು ಹೂಂ ಎಂದಿದ್ದಳು.

ಶಿವರಾತ್ರಿ ಕಳೆದ ಮೇಲೆ ಹಳ್ಳಿಯಿಂದ ಅತ್ತೆ ಮುತ್ಯಾಲಮ್ಮ ತಲೆಯ ಮೇಲೆ ಗಡಿಗೆ ಹೊತ್ತು ಬಂದಳು. ಮಗ ಕುಡಿತ ಬಿಟ್ಟ ಸಂತೋಷಕ್ಕೆ ಅವಳು ಮಾಡಿದ ಮದ್ದು ಅದು. ಕಲ್ಲಿನ ದೂಳು ಕುಡಿದು ಕದಿರಪ್ಪನ ಎದೆ ಕಟ್ಟಿತ್ತು, ಕೆಮ್ಮು ಹತ್ತಿದರೆ ಸಾಲುಮನೆಗಳೆಲ್ಲ ಎಚ್ಚರವಾಗುತ್ತಿದ್ದವು. ಆಡುಸೋಗೆ ಸೊಪ್ಪಿನ ಕಷಾಯಕ್ಕೆ ಬೆಲ್ಲ, ಒಣದ್ರಾಕ್ಷಿ, ಶುಂಠಿ, ಲವಂಗ, ಗುಡ್ಡದಿಂದ ಕಿತ್ತು ತಂದ ಕೆಂಪು ಹೂವು ಎಲ್ಲ ಹಾಕಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ರಾಗಿ ತುಂಬಿದ ವಾಡೆಯೊಳಗೆ ಒಂದು ಮಂಡಲಕ್ಕೂ ಹೆಚ್ಚು ಕಾಲ ಹೂತಿಟ್ಟಿದ್ದಳಂತೆ. ರಾಗಿಯ ಕಾವಿಗೆ ಅದು ಹದವಾಗುತ್ತದೆ, ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳು. ಮುತ್ಯಾಲಮ್ಮ ಹೆಂಡದ ಗಾಳಿಯನ್ನೂ ಸೈರಿಸದವಳು. ಊರ ಈಚಲ ತೋಪಿನಲ್ಲಿ ಹೆಂಡ ಮಾರುವವನ ಮಡಕೆಗಳನ್ನು ಒನಕೆಯಿಂದ ಒಡೆದು ಬಂದ ಹೆಂಗಸು. ಕೆಮ್ಮು ಜಾಸ್ತಿಯಾದ ದಿನ ಉಂಡ ಮೇಲೆ ಅರ್ಧ ಲೋಟ ಕೊಡು, ಸೊಂಟ ನೋವು ಬಂದರೆ ನೀನೂ ಒಂದು ಗುಟುಕು ತಗೋ ಎಂದು ಸೊಸೆಗೆ ಹೇಳಿ, ಮಗನ ಗಲ್ಲ ಸವರಿ ಹೋದಳು.

ಮದ್ದು ಎದೆಗೆ ಹಿತವಾಯಿತು. ಮಗನಿಗೆಂದು ತಂದದ್ದನ್ನು ತಾನು ಮುಟ್ಟುವುದೇ ಎಂದು ಓಬಳಮ್ಮ ತನಗೆ ಒಂದು ತೊಟ್ಟೂ ಸುರಿದುಕೊಳ್ಳಲಿಲ್ಲ.

ಕದಿರಪ್ಪ ಸಂಜೆ ಉಂಡ ಮೇಲೆ ಸಾಲಿನ ಕೊನೆಯ ಮನೆ ಆರುಮುಗಂನ ಜಗಲಿಗೆ ಇಸ್ಪೀಟಿಗೆ ಹೋಗುತ್ತಿದ್ದ. ಒಂದು ಸಂಜೆ ಬೇಗ ವಾಪಸ್ಸಾದ. ಓಬಳಮ್ಮ ನೋಡಿದಳು. ಕಿವಿ ಕೆಂಪು, ಕುತ್ತಿಗೆ ಕೆಂಪು. ಆವತ್ತು ಹಾಸಿಗೆ ಹಾಸಿಕೊಟ್ಟಳು. ಮತ್ತೊಂದು ಸಂಜೆ ಅದೇ ಆದಾಗ ಕೇಳಿದಳು.

"ಎಲ್ ಕುಡ್ದೆ?"

"ಕುಡ್ದಿಲ್ಲ ಕಣೇ. ಎದೆ ಒಡ್ಕೊಳ್ತೈತೆ. ತಲೆ ದಿಮ್ಮಂತೈತೆ."

"ಆಸ್ಪತ್ರೇಲಿ ಬ್ರಾಂದಿ ಕುಡ್ಸಿದ್ ದಿನಾನೂ ಅಂಗೇ ಒಡ್ಕೊಂತು."

ಮುಟ್ಟಿದ್ದರೆ ತನ್ನ ಕೈ ಸೇದಿಹೋಗಲಿ ಎಂದು ಅವನು ಆಣೆಯಿಟ್ಟ. ಹಿಂದೆ ಎಷ್ಟು ಆಣೆಗಳನ್ನು ಅವನು ಅದೇ ಕೈಯಿಂದ ಇಟ್ಟಿರಲಿಲ್ಲ? ಅವಳು ಹತ್ತಿರ ಹೋಗಿ ಬಾಯಿ ಮೂಸಿದಳು. ಶುಂಠಿ, ಲವಂಗ, ಅತ್ತೆಯ ಮದ್ದಿನ ವಾಸನೆ. ಆವತ್ತಿನಿಂದ ಅವಳು ಇನ್ನೂ ಕಣ್ಣಿಟ್ಟು ನೋಡತೊಡಗಿದಳು. ನೋಡುತ್ತಾ ನೋಡುತ್ತಾ ಒಂದು ಸಂಗತಿ ಕೈಗೆ ಸಿಕ್ಕಿತು. ಮದ್ದು ಕುಡಿದ ದಿನವೇ ಅವನ ಮುಖ ಕೆಂಪಾಗುತ್ತದೆ, ಕುಡಿಯದ ದಿನ ಇಲ್ಲ.

ಸಿಕ್ಕಿದ್ದನ್ನು ಅವಳ ಮನಸ್ಸು ತನ್ನ ದಾರಿಗೇ ತಿರುಗಿಸಿಕೊಂಡಿತು. ಎಂಥ ಕಳ್ಳ! ಸಾರಾಯಿ ಕುಡಿಯಬೇಕೆಂದ ದಿನ ಸುಮ್ಮನೆ ಕೆಮ್ಮುತ್ತಾನೆ. ಕೆಮ್ಮಿ ಮದ್ದು ಕೇಳುತ್ತಾನೆ. ಹೆತ್ತ ತಾಯಿಯ ಮದ್ದಿನ ವಾಸನೆಯನ್ನು ಮೇಲೆ ಹೊದ್ದುಕೊಂಡು ಆರುಮುಗಂನ ಮನೆಗೆ ಹೋಗುತ್ತಾನೆ. ಇದು ಹೊಳೆದ ದಿನ ಅವಳಿಗೆ ಗೆದ್ದ ಹಾಗಾಯಿತು, ಹಿಂದೆಯೇ ಅಳುವೂ ಬಂತು. ಆಮೇಲೆ ಅವನು ಕೆಮ್ಮಿದಾಗಲೆಲ್ಲ ಆ ಕೆಮ್ಮು ನಿಜವೋ ನಾಟಕವೋ ಎಂದು ಕಿವಿಗೊಟ್ಟು ಕೇಳುವುದು ಅಭ್ಯಾಸವಾಯಿತು.

ಆರುಮುಗಂನನ್ನೇ ಹಿಡಿದು ಕೇಳಿದಳು. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನಾನು ಕುಡೀತೀನಿ ತಂಗಚ್ಚಿ, ಊರಿಗೇ ಗೊತ್ತು. ಅವನು ಬಂದ್ರೆ ಬಾಟ್ಲಿ ಒಳಗಿಡ್ತೀನಿ. ಮೊನ್ನೆ ಎದೆ ಹಿಡ್ಕೊಂಡು ಕೂತ್ಬಿಟ್ಟ, ನಾನೇ ಗಾಳಿ ಬೀಸ್ದೆ." ಕಳ್ಳನಿಗೆ ಕುಡುಕನ ಸಾಕ್ಷಿ ಎಂದುಕೊಂಡು ಅವಳು ಹಿಂದಿರುಗಿದಳು.

ಡಾಕ್ಟರ ಹತ್ತಿರವೂ ಹೋದಳು. ಅವರು ಅವನು ಉಂಡದ್ದು ತಿಂದದ್ದನ್ನೆಲ್ಲ ಕೇಳಿದರು. ಮುದ್ದೆ, ಹುರುಳಿ ಸಾರು, ಸೊಪ್ಪು ಎಂದಳು. ನಾಟಿ ಔಷಧಿ ಏನಾದರೂ ಕೊಡುತ್ತೀಯಾ ಎಂದು ಕೇಳಿದರು. ಅವಳು ಇಲ್ಲವೆಂದಳು. ಪಕ್ಕದ ಮನೆಯ ಕನಕಮ್ಮ ಮಗುವಿಗೆ ನಾಟಿ ಔಷಧಿ ಕುಡಿಸಿದೆ ಎಂದು ಬಾಯಿಬಿಟ್ಟು, ಸಾಲಿನಲ್ಲಿ ನಿಂತ ಅಷ್ಟೂ ಜನರ ಮುಂದೆ ಬೈಸಿಕೊಂಡು ಬಂದಿದ್ದಳು. ಅತ್ತೆಯ ಗಡಿಗೆಯ ಸುದ್ದಿ ಎತ್ತಿ ಮಾತ್ರೆಗೂ ಸಂಚಕಾರ ತಂದುಕೊಳ್ಳಲು ಓಬಳಮ್ಮನಿಗೆ ಧೈರ್ಯವಾಗಲಿಲ್ಲ. ಹಾಗಾದರೆ ಅವನು ಕುಡಿಯುತ್ತಿದ್ದಾನಮ್ಮ ಎಂದರು ಡಾಕ್ಟರು.

ಮುಂದಿನ ಭಾನುವಾರ ಅವಳು ಗಂಡನನ್ನು ಹೊಸಲು ದಾಟಲು ಬಿಡಲಿಲ್ಲ. ಅವನೂ ಹಟಕ್ಕೆ ಬಿದ್ದವನಂತೆ ದಿನವೆಲ್ಲ ಗೋಡೆಗೊರಗಿ ಕೂತ. ಮಧ್ಯಾಹ್ನ ಉಂಡು, ಕೆಮ್ಮಿ, ಮದ್ದು ಕೇಳಿದ. ನೋಡೋಣ ಇವತ್ತು ಎಂದುಕೊಂಡು ಅವಳು ಅರ್ಧ ಲೋಟ ಕೊಟ್ಟು ಬಾಗಿಲಿಗೆ ಅಡ್ಡವಾಗಿ ಕೂತಳು. ಒಂದು ಹಿಡಿ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಹೊತ್ತು ಕಳೆದಿತ್ತೋ ಇಲ್ಲವೋ, ಅವನ ಕಿವಿ ಕೆಂಪಾಯಿತು.

ಅವಳು ದಡಕ್ಕನೆದ್ದಳು. ಹಾಸಿಗೆ ಕೊಡವಿದಳು, ತಟ್ಟಿಗೋಡೆಯ ಸಂದಿಗಳಲ್ಲಿ ಕೈಯಾಡಿಸಿದಳು, ಸೌದೆ ಒಟ್ಟಿಲು ಕೆಡವಿದಳು. ಕೈ ತೊಳೆಯಲು ಹಿತ್ತಿಲಿಗೆ ಹೋಗಿದ್ದನಲ್ಲ ಎಂದು ಹಿತ್ತಿಲನ್ನೂ ಕೆದಕಿದಳು. ಎಲ್ಲೂ ಏನೂ ಇರಲಿಲ್ಲ. ಒಳಗೆ ಬಂದಾಗ ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಇಷ್ಟು ದಿನ ಅವಳು ಅವನನ್ನು ನೋಡಿದ ರೀತಿಯಲ್ಲೇ ನೋಡುತ್ತಿದ್ದ.

"ನಾನ್ ಎಲ್ಲೂ ಓಗಿಲ್ಲ," ಎಂದ. "ಉಂಡಿದ್ದು, ನುಂಗಿದ್ದು ಎಲ್ಲಾ ನಿನ್ ಕೈಯಿಂದ್ಲೇ. ಏನ್ ಆಕ್ತಿದ್ದೀಯ ಏಳು."

"ನಾನೇನ್ ಆಕ್ಲಿ?"

"ಅದನ್ನೇ ಕೇಳ್ತಿರೋದು. ನಮ್ಮೂರಲ್ಲೂ ಒಬ್ಳು ಗಂಡನಿಗೆ ಮದ್ದಿಟ್ಟಿದ್ಳು. ಅವನೂ ಇಂಗೇ ಎದೆ ಹಿಡ್ಕೊಂಡು ಓದ."

ಓಬಳಮ್ಮ ಒಂದೊಂದನ್ನೇ ಎಣಿಸಿದಳು. ಅವನು ಉಂಡ ಮುದ್ದೆ, ಸಾರು ಅವಳೂ ಉಂಡದ್ದೇ. ಅವನೊಬ್ಬನಿಗೇ ಹೋದದ್ದು ಮಾತ್ರೆ. ತಾಯಿಯ ಮದ್ದನ್ನು ಅವಳೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅವನೂ ಹಿಡಿಯಲಿಲ್ಲ. ಅದನ್ನು ಸಂಶಯಪಡುವುದೆಂದರೆ ಎದೆಹಾಲನ್ನು ಸಂಶಯಪಟ್ಟ ಹಾಗೆ.

ಮರುದಿನ ಬೆಳಿಗ್ಗೆ ಪಾಳಿಗೆ ಹೊರಟವನ ಮುಂದೆ ಅವಳು ಎಂದಿನಂತೆ ಮಾತ್ರೆ ಹಿಡಿದಳು. ಅವನು ಅದನ್ನು ತೆಗೆದುಕೊಂಡು ನೆಲಕ್ಕೆ ಹಾಕಿದ. ನನಗೆ ಇದು ಸಾಕು, ಕುಡಿಯದೆಯೂ ಕುಡುಕನಾದೆ, ಇವತ್ತು ಪಾಳಿ ಬಿಟ್ಟ ಮೇಲೆ ದಿಬ್ಬದ ಹಿಂದೆ ಹೋಗಿ ಹೊಟ್ಟೆ ತುಂಬ ಕುಡಿದೇ ಬರುತ್ತೇನೆ, ಆಗಲಾದರೂ ನಿನ್ನ ಮಾತು ನಿಜವಾಗಲಿ ಎಂದ. ದನಿ ಎತ್ತದೆ ಹೇಳಿದ. ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು. ನೆಲದ ಮೇಲಿದ್ದ ಮಾತ್ರೆಯನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಅವನ ಕಣ್ಣೆದುರಿಗೇ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ವಿಷ ಆಗಿದ್ರೆ ಸಂಜೆಗೆ ನನ್ ಹೆಣ ನೋಡ್ಬೌದು. ಓಗು."

ಕದಿರಪ್ಪ ತಗಡಿನ ಬುತ್ತಿ ಎತ್ತಿಕೊಂಡು ಹೊರಟುಹೋದ.

ಅವಳು ಮಾತ್ರೆಯನ್ನು ಮೈಯಲ್ಲಿಟ್ಟುಕೊಂಡು ಕಾದಳು. ಪಾತ್ರೆ ಬೆಳಗಿದಳು, ಸೀರೆ ಒಗೆದಳು. ನಡುನಡುವೆ ಗೂಡಿನಲ್ಲಿದ್ದ ಕನ್ನಡಿ ತೆಗೆದು ಕಿವಿ ನೋಡಿಕೊಂಡಳು. ಬಾಯಲ್ಲಿ ಒಂದಿಷ್ಟು ಒಗರು ಬಿಟ್ಟರೆ ಮತ್ತೇನೂ ಆಗಲಿಲ್ಲ. ಬಿಸಿಲು ನೆತ್ತಿಗೆ ಬಂದು ವಾಲುವ ಹೊತ್ತಿಗೆ ತೀರ್ಮಾನವಾಗಿತ್ತು. ಮಾತ್ರೆಯಲ್ಲಿ ದೋಷವಿಲ್ಲ, ತನ್ನ ಕೈಯಲ್ಲಿ ದೋಷವಿಲ್ಲ. ಅವನೇ ಸುಳ್ಳ. ಸುಳ್ಳು ಸಾಲದೆಂದು ತನ್ನ ಮೇಲೆ ಮದ್ದಿಟ್ಟ ಅಪವಾದ ಬೇರೆ. ಎರಡು ಸೀರೆ, ಮಕ್ಕಳಿಗೆಂದು ತೆಗೆದಿಟ್ಟ ಹುರಿಗಡಲೆ ಗಂಟು ಕಟ್ಟಿದಳು. ಮಧ್ಯಾಹ್ನದ ರೈಲಿಗೆ ಬಂಗಾರಪೇಟೆ ಸೇರಿದರೆ ಅಣ್ಣ ಮಾತಿಗೆ ತಪ್ಪುವವನಲ್ಲ.

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸೌದೆ ಒಟ್ಟಿಲು ಎತ್ತಿ ಹಾಕಿದ್ದಕ್ಕೆ ಸೊಂಟ ಹಿಡಿದಿತ್ತು. ಮೂಲೆಯ ಗಡಿಗೆ ಕಣ್ಣಿಗೆ ಬಿತ್ತು. ಇನ್ನು ಯಾರಿಗೆಂದು ಉಳಿಸಲಿ ಎಂದುಕೊಂಡು ಲೋಟದ ತುಂಬ ಬಗ್ಗಿಸಿ ಗಟಗಟನೆ ಕುಡಿದಳು. ಸಿಹಿ, ಹುಳಿ, ಗಂಟಲಲ್ಲಿ ಸಣ್ಣ ಕಾರ. ಚೆನ್ನಾಗಿತ್ತು.

ಚಾಂಪಿಯನ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಾಗ ಮೊದಲು ಕಿವಿಯ ತುದಿ ಕಾವೇರಿತು. ಬಿಸಿಲು ಎಂದುಕೊಂಡಳು. ಕಾವು ಕುತ್ತಿಗೆಗೆ ಇಳಿಯಿತು, ಮುಖಕ್ಕೆ ಹತ್ತಿತು. ಎದೆಯೊಳಗೆ ಯಾರೋ ಒನಕೆ ಹಾಕಿ ಕುಟ್ಟಿದ ಹಾಗಾಯಿತು. ಉಸಿರು ಎಳೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಎದ್ದು ಬೇಲಿಯ ಹತ್ತಿರ ಹೋಗಿ ಬಗ್ಗಿದವಳು ಕುಡಿದಷ್ಟೂ ಕಕ್ಕಿದಳು. ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಅವಳ ಮುಖ ನೋಡಿ, ಗಾಳಿ ಮೂಸಿ, ಬುಟ್ಟಿಯನ್ನು ಆಚೆಗೆ ಎಳೆದುಕೊಂಡಳು.

"ಅಗಲೊತ್ನಲ್ಲೇ ಏರ್ಸ್ಕೊಂಡವ್ಳೆ ನೋಡ್ರಮ್ಮ."

"ಇಲ್ಲ ತಾಯೀ," ಎಂದಳು ಓಬಳಮ್ಮ. "ಕುಡ್ದಿಲ್ಲ. ಮದ್ದು ತಗೊಂಡಿದ್ದು, ಕೆಮ್ಮಿನ ಮದ್ದು."

"ಎಲ್ರೂ ಅಂಗೇ ಅನ್ನೋದು ಬುಡು."

ಪಕ್ಕದಲ್ಲಿದ್ದವರು ನಕ್ಕರು. ಓಬಳಮ್ಮನಿಗೆ ಮಕ್ಕಳ ಮೇಲೆ ಆಣೆಯಿಡಬೇಕೆನಿಸಿತು, ನೆಲ ಮುಟ್ಟಿ ಹೇಳಬೇಕೆನಿಸಿತು. ಆದರೆ ಅದೇ ಮಾತನ್ನು, ಅಂಥದೇ ಆಣೆಯನ್ನು ಅವಳು ಗಂಡನ ಬಾಯಲ್ಲಿ ಆಗಲೇ ಕೇಳಿದ್ದಳು. ಬೆಳಿಗ್ಗೆ ಮಾತ್ರೆ. ಈಗ ಅತ್ತೆಯ ಮದ್ದು. ಬೇರೆ ಏನೂ ಇಲ್ಲ. ಆಸ್ಪತ್ರೆಯ ಮಂಚ, ಅಳತೆ ಗಾಜು, ಬ್ರಾಂದಿ, ಅವನ ಕಿವಿ ಎಲ್ಲ ಒಂದರ ಹಿಂದೊಂದು ಕಣ್ಣಿಗೆ ಬಂದವು. ಬೆಲ್ಲ, ದ್ರಾಕ್ಷಿ, ಒಂದು ಮಂಡಲಕ್ಕೂ ಮೇಲೆ ರಾಗಿಯ ಕಾವು. ಕೊಳೆತು ಹುಳಿಯಾಗಿ ಅದು ಏನಾಗಿರಬೇಡ?

ರೈಲು ಬಂತು. ಅವಳು ಹತ್ತಲಿಲ್ಲ. ಅದು ಕದಲಿದ ಹಿಂದೆಯೇ ಪಾಳಿ ಬಿಡುವ ಸೈರನ್ ಕೂಗಿತು. ಹೊಟ್ಟೆ ತುಂಬ ಕುಡಿದು ಬರುತ್ತೇನೆ ಎಂದಿದ್ದ. ಮಾತ್ರೆ ಬಿಟ್ಟದ್ದು ಇವತ್ತೊಂದು ದಿನ, ಮೈಯಲ್ಲಿನ್ನೂ ಅದು ಹಾಗೇ ಇದೆ. ಅರ್ಧ ಲೋಟ ಮದ್ದಿಗೇ ಎದೆ ಹಿಡಿದುಕೊಂಡವನು ಹೊಟ್ಟೆ ತುಂಬ ಸಾರಾಯಿ ಕುಡಿದರೆ ಮನೆ ಸೇರುವುದಿಲ್ಲ. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಬಳಮ್ಮ ದಿಬ್ಬದ ಕಡೆ ನಡೆದಳು. ಓಡಲು ಆಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುವಳು, ಎದೆ ಒತ್ತಿಕೊಳ್ಳುವಳು, ಮತ್ತೆ ನಡೆಯುವಳು.

ದಿಬ್ಬದ ಹಿಂದೆ ಒಂದು ಮುದುಕಿ ಜಾಲಿಯ ಮರೆಯಲ್ಲಿ ಕೂತು ಸಾರಾಯಿ ಮಾರುತ್ತಿದ್ದಳು. ಕದಿರಪ್ಪ ಅವಳ ಎದುರು ಕುಕ್ಕರುಗಾಲಲ್ಲಿ ಕೂತಿದ್ದ. ಲೋಟ ತುಂಬಿ ಅವನ ಮುಂದಿನ ನೆಲದ ಮೇಲಿತ್ತು. ಅವನು ಅದನ್ನು ಮುಟ್ಟಿರಲಿಲ್ಲ, ಬಿಟ್ಟು ಎದ್ದೂ ಇರಲಿಲ್ಲ. ಎರಡು ಕೈಗಳನ್ನೂ ತೊಡೆಯ ಸಂದಿಯಲ್ಲಿ ಸಿಕ್ಕಿಸಿಕೊಂಡು ಅದನ್ನೇ ನೋಡುತ್ತಿದ್ದ. ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿ ಹೆಂಡತಿಯ ಮುಖ ಕಂಡ. ಕಿವಿಯಿಂದ ಕೆನ್ನೆಯವರೆಗೆ ನೋಡಿದ.

"ಎಲ್ ಕುಡ್ದೆ?"

ಅವಳು ಅಲ್ಲೇ ಕುಸಿದು ಕೂತಳು. "ನಿಮ್ಮಮ್ಮನ ಮದ್ದು," ಎಂದಳು. "ಮಾತ್ರೆ ಮೇಲೆ ನಿಮ್ಮಮ್ಮನ ಮದ್ದು ಕುಡ್ದೆ."

ಅವನು ನಂಬಲಿಲ್ಲ. ತನ್ನ ಮೇಲಿನ ಅಪವಾದ ತೊಳೆದುಕೊಳ್ಳಲು ತಾಯಿಯ ಮೇಲೆ ಹಾಕುತ್ತಿದ್ದಾಳೆ ಎಂಬುದು ಅವನ ಹುಬ್ಬಿನಲ್ಲೇ ಕಾಣುತ್ತಿತ್ತು. ಹೆಂಡದ ಮಡಕೆ ಒಡೆದವಳು ನಮ್ಮವ್ವ ಎಂದ. ಓಬಳಮ್ಮ ವಾದ ಮಾಡಲಿಲ್ಲ. ಅವನ ಕೈಯನ್ನು ಎಳೆದು ತನ್ನ ಕುತ್ತಿಗೆಯ ನರದ ಮೇಲಿಟ್ಟಳು. ಮುದುಕಿ ಮುಖ ತಿರುಗಿಸಿಕೊಂಡಳು. ಬೆರಳಿಗೆ ತಗುಲಿದ ಆ ಕುಣಿತ ಕದಿರಪ್ಪನಿಗೆ ಗುರುತಿನದು. ಅದನ್ನು ಯಾರೂ ನಾಟಕ ಮಾಡಿ ತರಿಸಲಾರರೆಂದು ಅವನಷ್ಟು ತಿಳಿದವರು ಆ ಸಾಲುಮನೆಗಳಲ್ಲಿ ಬೇರೆ ಯಾರೂ ಇರಲಿಲ್ಲ. ಕೈ ಹಿಂದಕ್ಕೆ ತೆಗೆಯದೆ ಅವನು ಹಾಗೇ ಕೂತಿದ್ದ. ಕುಣಿತ ನಿಧಾನವಾಗಿ ಇಳಿಯುವವರೆಗೂ ಕೂತಿದ್ದ. ಆಮೇಲೆ ಗಂಟನ್ನು ತಾನೇ ಎತ್ತಿಕೊಂಡ. ಲೋಟ ನೆಲದ ಮೇಲೇ ಉಳಿಯಿತು.

ಮನೆಗೆ ಬಂದು ಗಡಿಗೆಯ ಬಟ್ಟೆ ಬಿಚ್ಚಿ ಮೂಸಿದ. ಇಷ್ಟು ದಿನ ಶುಂಠಿ ಲವಂಗವೆಂದು ಮೂಗು ಬಿಟ್ಟುಕೊಟ್ಟದ್ದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಹುಡುಕಿದವರಿಗೆ ಸಿಕ್ಕುವಂಥದ್ದು.

"ದಿಬ್ಬದ ಇಂದೆ ಇದನ್ನೇ ಒಲೆ ಮೇಲಿಟ್ಟು ಬಟ್ಟಿ ಇಳಿಸ್ತಾರೆ," ಎಂದ. "ಅವ್ವ ಒಲೆ ಅಚ್ಚಿಲ್ಲ, ಅಷ್ಟೆ."

ಅವಳಿಗೆ ನಗು ಬಂತು, ಅವನಿಗೆ ಬರಲಿಲ್ಲ. ಮುತ್ಯಾಲಮ್ಮನಿಗೆ ಈ ಸುದ್ದಿ ಮುಟ್ಟಬಾರದು, ತಿಳಿದರೆ ಅವಳು ಉಪವಾಸ ಬಿದ್ದು ಸಾಯುತ್ತಾಳೆ ಎಂದು ಇಬ್ಬರೂ ಮಾತಾಡಿಕೊಂಡರು. ಡಾಕ್ಟರಿಗೆ ಓಬಳಮ್ಮನೇ ಹೋಗಿ ಹೇಳುವುದು, ಬೈದರೆ ಬೈಸಿಕೊಳ್ಳುವುದು ಎಂದಾಯಿತು. ಉಳಿದ ಮದ್ದನ್ನು ಹಿತ್ತಿಲಿಗೆ ಸುರಿದರು. ತಪ್ಪಾಯಿತು ಎಂದು ಅವಳ ಬಾಯಿಗೆ ಬಂದಿತ್ತು. ಅವನು ಅದಕ್ಕೆ ಎಡೆ ಕೊಡದೆ ಬೆನ್ನು ತಿರುಗಿಸಿ ಮಲಗಿದ.

ಬೆಳಿಗ್ಗೆ ಪಾಳಿಗೆ ಹೊರಡುವ ಮುಂಚೆ ಮಾತ್ರೆಯ ಶೀಸೆ ಕೇಳಿದ. ಅವಳು ಒಂದು ಮಾತ್ರೆ ತೆಗೆಯಹೋದಳು. ಅವನು ಶೀಸೆಗೇ ಕೈ ಚಾಚಿದ.

"ಇನ್ಮೇಲೆ ಇದು ನನ್ನತ್ರ ಇರ್ಲಿ. ನಾನೇ ತಗೋತೀನಿ. ನೀನು ನೋಡ್ಬೇಡ, ತಗೊಂಡ್ಯಾ ಅಂತ ಕೇಳ್ಬೇಡ."

"ಡಾಕ್ಟ್ರು ನನ್ ಕೈಯಿಂದ್ಲೇ ಕೊಡು ಅಂದವ್ರೆ."

"ಅವರು ಅಂದಂಗೇ ನಡೀತಲ್ಲ ಇಷ್ಟ್ ದಿನ. ನೆನ್ನೆ ಲೋಟದ ಮುಂದೆ ನೀನ್ ಬರೋಗಂಟ ನಾನೊಬ್ನೇ ಕೂತಿದ್ನಲ್ಲ, ಅದನ್ಯಾರು ನೋಡಿದ್ರು?"

ಎಷ್ಟು ಹೊತ್ತು ಕೂತಿದ್ದ ಎಂದು ಅವಳು ಕೇಳಬೇಕೆಂದುಕೊಂಡಳು, ಕೇಳಲಿಲ್ಲ. ಶೀಸೆ ಅವಳ ಮುಷ್ಟಿಯಲ್ಲಿ ಬೆಚ್ಚಗಾಗಿತ್ತು. ಕೊಟ್ಟರೆ ಇವತ್ತು ನುಂಗಿದನೋ ಉಗಿದನೋ ತಿಳಿಯುವುದಿಲ್ಲ, ನಾಳೆ ತಿಳಿಯುವುದಿಲ್ಲ, ಮಕ್ಕಳು ಬಂದ ಮೇಲೂ ತಿಳಿಯುವುದಿಲ್ಲ. ಕೊಡದಿದ್ದರೆ ಅವನು ದಿಬ್ಬದ ಹಿಂದೆ ಮತ್ತೆ ಹೋಗಿ ಕೂರುವುದಕ್ಕೆ ಬೇರೆ ಕಾರಣವೇ ಬೇಡ. ಅವಳು ಕೊಟ್ಟಳು.

ಅವನು ಚೊಂಬು ಹಿಡಿದು ಹಿತ್ತಿಲಿಗೆ ಹೋದ. ತಟ್ಟಿಗೋಡೆಯಲ್ಲಿ ಕಣ್ಣಿಡಲು ಬೇಕಾದಷ್ಟು ಸಂದಿಗಳಿದ್ದವು. ಎಸರು ಮರಳುತ್ತಿತ್ತು. ಓಬಳಮ್ಮ ಒಲೆಯ ಮುಂದೆ ಕೂತು ಹಿಟ್ಟು ಸುರಿದು, ಎರಡು ಕೈಯಲ್ಲೂ ಕೋಲು ಹಿಡಿದು ಮುದ್ದೆ ತೊಳಸತೊಡಗಿದಳು.